ಬೇರೆ ಬೇರೆ ಧರ್ಮದವರ ಮದುವೆ: ನೋಟಿಸು ನಮ್ಮಲ್ಲಿ ಮಾತ್ರವೇ?

ಪ್ರಶ್ನೆ: ಮೇಡಂ, ಹುಡುಗ ಹಿಂದೂ, ಹುಡುಗಿ ಕ್ರೈಸ್ತಳು. ಇಬ್ಬರೂ ಬೆಂಗಳೂರಿನವರೇ, ಮತಾಂತರ ಇಬ್ಬರಿಗೂ ಬೇಡ. ದೇವಸ್ಥಾನದಲ್ಲಿ ತಾಳಿ ಕಟ್ಟಿ ರಿಜಿಸ್ಟರ್ ಮಾಡಿಸಿದರೆ ಸಾಲದೇ? ವಿಶೇಷ ವಿವಾಹ ಕಾಯ್ದೆಯ ಒಂದು ತಿಂಗಳ ನೋಟಿಸು ಬೇರೆ ದೇಶಗಳಲ್ಲೂ ಇದೆಯೇ?

ಉತ್ತರ (ಕೌಟುಂಬಿಕ ಪ್ರಕರಣಗಳ ವಕೀಲೆ): ಸಾಲದು. ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂ, ಬೌದ್ಧ, ಜೈನ ಅಥವಾ ಸಿಖ್ಖರಾಗಿರಬೇಕು. ಒಬ್ಬರು ಕ್ರೈಸ್ತರಾಗಿಯೇ ಉಳಿದು ಆ ಕಾಯ್ದೆಯಡಿ ಆದ ಮದುವೆ ಅಸಿಂಧು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಟಿಫಿಕೇಟು ಕೈಲಿದ್ದರೂ ಅದು ನಿಲ್ಲುವುದಿಲ್ಲ, ಮತ್ತು ಈ ಸಂಗತಿ ಸಾಮಾನ್ಯವಾಗಿ ಬೆಳಕಿಗೆ ಬರುವುದು ಆಸ್ತಿ ಅಥವಾ ಜೀವನಾಂಶದ ಜಗಳ ಶುರುವಾದ ಮೇಲೆ.

ಚರ್ಚು ಒಪ್ಪಿದರೆ 1872ರ ಕ್ರೈಸ್ತ ವಿವಾಹ ಕಾಯ್ದೆಯ ದಾರಿ ಇದೆ. ಅದಕ್ಕೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೂ ಸಾಕು. ಇಲ್ಲವಾದರೆ 1954ರ ವಿಶೇಷ ವಿವಾಹ ಕಾಯ್ದೆ, ಇಬ್ಬರೂ ಧರ್ಮ ಬದಲಿಸದೆ ಮದುವೆಯಾಗಲು ಇರುವ ಕಾನೂನು. ಮದುವೆಯಾಗುತ್ತೇವೆಂದು ವಿವಾಹಾಧಿಕಾರಿಗೆ ಮೊದಲು ನೋಟಿಸು ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದಿರಬೇಕು. ತಕರಾರು ಇದ್ದವರು ಹೇಳಲಿ ಎಂದು ನೋಟಿಸನ್ನು ಆ ಅಧಿಕಾರಿಯ ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಪ್ರತಿ ಅಲ್ಲಿಗೂ ಹೋಗುತ್ತದೆ. ಮನೆಯವರಿಗೆ ಸುದ್ದಿ ಮುಟ್ಟುವುದು ಹೆಚ್ಚಾಗಿ ಹೀಗೆಯೇ. 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳೊಂದಿಗೆ ಹೋಗಿ ಘೋಷಣೆಗೆ ಸಹಿ ಹಾಕಬೇಕು. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ.

ಇನ್ನು ಬೇರೆ ದೇಶಗಳು. ಫ್ರಾನ್ಸಿನಲ್ಲೂ ಪುರಸಭೆಯ ಬಾಗಿಲಿಗೆ 10 ದಿನ ಪ್ರಕಟಣೆ ಹಚ್ಚುತ್ತಾರೆ. ಆದರೆ ತಡೆಯೊಡ್ಡುವ ಹಕ್ಕು ತಂದೆತಾಯಿ, ಈಗಾಗಲೇ ಇರುವ ಸಂಗಾತಿ, ಸರ್ಕಾರಿ ಅಭಿಯೋಜಕ ಹೀಗೆ ಕಾನೂನು ಹೆಸರಿಸಿದವರಿಗೆ ಮಾತ್ರ. ನಮ್ಮಲ್ಲಿ 7ನೇ ಸೆಕ್ಷನ್ 'ಯಾವುದೇ ವ್ಯಕ್ತಿ' ಎನ್ನುತ್ತದೆ, ದಾರಿಹೋಕನಿಗೂ ಬಾಗಿಲು ತೆರೆದಿದೆ. ನನ್ನ ಪ್ರಕಾರ ತೊಂದರೆ ಇರುವುದು ದಿನಗಳ ಲೆಕ್ಕದಲ್ಲಲ್ಲ, ಈ ಎರಡು ಪದಗಳಲ್ಲಿ. ಇಂಗ್ಲೆಂಡಿನಲ್ಲಿ 28 ದಿನದ ನೋಟಿಸು ಇದೆ. ಜರ್ಮನಿ ಪ್ರಕಟಣೆಯನ್ನೇ 1998ರಲ್ಲಿ ಕೈಬಿಟ್ಟಿತು.

ಇಸ್ರೇಲಿನ ಕಥೆ ತಲೆಕೆಳಗು. ಅಲ್ಲಿ ಸಿವಿಲ್ ಮದುವೆಯೇ ಇಲ್ಲ, ಎಲ್ಲವೂ ಆಯಾ ಧರ್ಮದ ಅಧಿಕಾರಿಗಳ ಕೈಯಲ್ಲಿ. ಆದರೆ ಹೊರದೇಶದಲ್ಲಾದ ಮದುವೆಯನ್ನು ನೋಂದಾಯಿಸಲೇಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿತು. ಹಾಗಾಗಿ ಬೇರೆ ಧರ್ಮದ ಜೋಡಿಗಳು ಸೈಪ್ರಸ್ಸಿಗೆ ಹೋಗಿ ಬರುತ್ತವೆ. ಇಂಡೋನೇಷ್ಯಾ ಇನ್ನೂ ಬಿಗಿ: ಇಂಥ ಮದುವೆಗಳ ನೋಂದಣಿಗೆ ಒಪ್ಪಿಗೆ ಕೊಡಬೇಡಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಕೆಳ ನ್ಯಾಯಾಲಯಗಳಿಗೆ ಸುತ್ತೋಲೆ ಕಳಿಸಿತು.

ಪ್ರಶ್ನೆ (ಇನ್ನೊಬ್ಬರು): ಅಪ್ಪ ಅಮ್ಮ ಒಪ್ಪಿಲ್ಲ ಅಂತ ಯಾರಾದರೂ ತಕರಾರು ಹಾಕಿದರೆ? ನೋಟಿಸು ಹಚ್ಚಬೇಡಿ ಅನ್ನಬಹುದಾ?

ಉತ್ತರ: ಅದು ತಕರಾರೇ ಅಲ್ಲ. 4ನೇ ಸೆಕ್ಷನ್ನಿನ ಕಾರಣಗಳಷ್ಟೇ ನಡೆಯುತ್ತವೆ: ಬದುಕಿರುವ ಸಂಗಾತಿ, ಒಪ್ಪಿಗೆ ಕೊಡಲಾಗದ ಮನಃಸ್ಥಿತಿ, ವಯಸ್ಸು (ಹುಡುಗನಿಗೆ 21, ಹುಡುಗಿಗೆ 18), ನಿಷಿದ್ಧ ರಕ್ತಸಂಬಂಧ. ಅಧಿಕಾರಿ 30 ದಿನದಲ್ಲಿ ತೀರ್ಮಾನಿಸಬೇಕು. ನಿಮ್ಮ ವಿರುದ್ಧ ಬಂದರೆ ಮುಂದಿನ 30 ದಿನದಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ. ಸುಳ್ಳು ತಕರಾರಿಗೆ ದಂಡವೂ ಇದೆ, ಹೆಚ್ಚೆಂದರೆ ಸಾವಿರ ರೂಪಾಯಿ. 1954ರಲ್ಲಿ ಅದು ದೊಡ್ಡ ಮೊತ್ತವಾಗಿತ್ತು ಅನ್ನಿ. ಪ್ರಕಟಣೆ ಬೇಕೋ ಬೇಡವೋ ಜೋಡಿಯ ಇಷ್ಟ ಎಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಕರ್ನಾಟಕದ ಅಧಿಕಾರಿಗೆ ಅದನ್ನು ತೋರಿಸಬಹುದು, ಆದರೆ ಅದು ಅವರನ್ನು ಕಟ್ಟಿಹಾಕುವ ತೀರ್ಪಲ್ಲ.

ಪ್ರಶ್ನೆ (ಮೊದಲಿನವರು): ಪಿತ್ರಾರ್ಜಿತ ಆಸ್ತಿ ಕೈತಪ್ಪುತ್ತದೆ ಅಂತ ದೊಡ್ಡಪ್ಪ ಹೆದರಿಸುತ್ತಿದ್ದಾರೆ.

ಉತ್ತರ: ಅರ್ಧ ಸತ್ಯ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಅದರ 19ನೇ ಸೆಕ್ಷನ್ ಪ್ರಕಾರ ಹುಡುಗ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ಬೇರೆಯಾಗುವುದೆಂದರೆ ಪಾಲು ಕಳೆದುಕೊಳ್ಳುವುದಲ್ಲ, ಆ ದಿನಕ್ಕೆ ತನಗೆ ಬರಬೇಕಾದ್ದನ್ನು ಕೇಳುವ ಹಕ್ಕು ಹಾಗೇ ಇರುತ್ತದೆ. ಆದರೆ ಮುಂದೆ ಅವನ ಸ್ವಂತ ಆಸ್ತಿ ಹೆಂಡತಿ ಮಕ್ಕಳಿಗೆ ಹೋಗುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯಂತಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ. ಮದುವೆ ಮುಗಿದ ಮೇಲೆ ಇಬ್ಬರೂ ಹೊಸದಾಗಿ ವಿಲ್ ಬರೆಸಿಡಿ.