ಮಳೆಗಾಲದಲ್ಲಿ ಡೀಸೆಲ್ ಪಂಪ್‌ಸೆಟ್ ಕೆರೆ ಹತ್ತಿರವೇ ಬಿಡಬಹುದಾ? ಅನುಭವ ಇದ್ದವರು ಹೇಳಿ

ಸುಂಟಿಕೊಪ್ಪದಿಂದ ಕೇಳಿದವರು:
ನಮ್ಮದು ಆರು ಎಕರೆ ರೊಬಸ್ಟಾ ಕಾಫಿ. ಕೆರೆ ದಡದಲ್ಲಿ 10 ಎಚ್‌ಪಿ ಡೀಸೆಲ್ ಪಂಪ್‌ಸೆಟ್ ಇದೆ, ವಾಟರ್ ಕೂಲ್ಡ್, ಹ್ಯಾಂಡಲ್ ಸ್ಟಾರ್ಟ್. ಹೂ ಅರಳೋಕೆ (ಬ್ಲಾಸಂ), ಆಮೇಲೆ ಕಾಯಿ ಕಚ್ಚೋಕೆ (ಬ್ಯಾಕಿಂಗ್) ಸ್ಪ್ರಿಂಕ್ಲರ್ ಹೊಡೆದರೆ ಮುಗಿಯಿತು, ಮುಂದಿನ ಫೆಬ್ರವರಿವರೆಗೆ ಅದಕ್ಕೆ ಕೆಲಸ ಇಲ್ಲ. ಹೋದ ವರ್ಷ ಶೆಡ್ ಮೇಲೆ ಸಿಲ್ವರ್ ಓಕ್ ಮರ ಬಿತ್ತು. ಮನೆಗೆ ತರೋಣ ಅಂದರೆ ಅಲ್ಲಿಗೆ ಗಾಡಿ ಇಳಿಯುವುದಿಲ್ಲ, ಹೊರೋಕೆ ಜನ ಸಿಗುವುದಿಲ್ಲ. ಟಾರ್ಪಲ್ ಮುಚ್ಚಿ ಅಲ್ಲೇ ಬಿಟ್ಟರೆ ಆಗುತ್ತಾ?

ಭಾಗಮಂಡಲ ಕಡೆಯವರು:
ಟಾರ್ಪಲ್ ಹೆಸರು ಮಾತ್ರ ಎತ್ತಬೇಡಿ. 2019ರಲ್ಲಿ ಹೊಸದು ತಂದು, ನೆಲದವರೆಗೂ ಸುತ್ತಿ, ಹಗ್ಗ ಬಿಗಿದು ಬಿಟ್ಟಿದ್ದೆ. ಕೈಲ್‌ಪೊಳ್ದ್ ಹಬ್ಬ ಮುಗಿಸಿ ಸೆಪ್ಟೆಂಬರಿನಲ್ಲಿ ಬಿಚ್ಚಿದರೆ ಒಳಗೆ ಬಚ್ಚಲುಮನೆ ಥರ ತೊಟ್ಟಿಕ್ಕುತ್ತಿತ್ತು. ಮೇಲಿಂದ ಒಂದು ಹನಿ ಬಿದ್ದಿರಲಿಲ್ಲ, ಎಲ್ಲಾ ನೆಲದಿಂದ ಎದ್ದ ತೇವ. ಹ್ಯಾಂಡಲ್ ಹಾಕಿದೆ, ಅಲ್ಲಾಡಲಿಲ್ಲ. ಪಿಸ್ಟನ್ ಜಾಮ್. ಲೆಕ್ಕ ಇನ್ನೂ ಬಾಯಲ್ಲಿದೆ: ಲೈನರ್, ಪಿಸ್ಟನ್, ರಿಂಗ್ ಸೇರಿ 7,850. ಹೆಡ್ ಕೆಲಸ 2,200. ಮೆಕ್ಯಾನಿಕ್ ಮೊದಲ ದಿನ ಗ್ಯಾಸ್ಕೆಟ್ ಮರೆತು ಬಂದ. ಹಾಗಾಗಿ ಎರಡು ಸಲದ ಜೀಪ್ ಬಾಡಿಗೆ 1,600, ಅದೂ ನನ್ನ ತಲೆಗೇ. ಅವನ ಊಟ, ಊಟದ ಜೊತೆ ಬೇಕಾದದ್ದು ಬೇರೆ. ಟಾರ್ಪಲ್ಲಿನ 1,150 ಯಾರು ಕೊಡ್ತಾರೆ? ಈಗ ನಾಲ್ಕು ಕಂಬ, ಮೇಲೆ ಎರಡು ಶೀಟ್, ಸುತ್ತ ಖಾಲಿ. ಗಾಳಿ ಆಡಬೇಕು ಸ್ವಾಮಿ.

ಶನಿವಾರಸಂತೆಯವರು:
ನಾನು ಹನ್ನೊಂದು ವರ್ಷದಿಂದ ಟಾರ್ಪಲ್ಲೇ ಹಾಕ್ತಿರೋದು. ಒಂದು ರೂಪಾಯಿ ಖರ್ಚಾಗಿಲ್ಲ. ನಿಲ್ಲಿಸುವ ಮೊದಲು ಇಂಜಿನ್ ಬಿಸಿ ಇರುವಾಗಲೇ ಹಳೇ ಆಯಿಲ್ ಇಳಿಸಿ ಹೊಸದು ತುಂಬುತ್ತೇನೆ. ಕಪ್ಪಾದ ಆಯಿಲ್ ತಿಂಗಳುಗಟ್ಟಲೆ ಒಳಗೆ ಕೂತರೆ ಬೇರಿಂಗ್ ತಿನ್ನುತ್ತೆ. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ ಆ ತೂತಿನಲ್ಲಿ ಎರಡು ಚಮಚ ಆಯಿಲ್ ಬಿಟ್ಟು, ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಕಂಪ್ರೆಷನ್ ಬಿಗಿ ಸಿಕ್ಕಿದಲ್ಲಿ ನಿಲ್ಲಿಸುತ್ತೇನೆ. ಆಗ ಎರಡು ವಾಲ್ವೂ ಮುಚ್ಚಿರುತ್ತೆ, ತೇವ ಒಳಗೆ ಇಳಿಯುವುದಿಲ್ಲ. ಸೈಲೆನ್ಸರ್ ಬಾಯಿಗೆ ಹಾಲಿನ ಪುಡಿ ಡಬ್ಬ ಕವುಚುತ್ತೇನೆ. ಇದೇನೂ ಮಾಡದೆ ಟಾರ್ಪಲ್ಲನ್ನು ಬೈದರೆ ಅದೇನು ಮಾಡುತ್ತೆ ಪಾಪ.

ಭಾಗಮಂಡಲ ಕಡೆಯವರು:
ಶನಿವಾರಸಂತೆಯಲ್ಲಿ ಬೀಳೋದನ್ನ ಮಳೆ ಅಂತೀರಾ? ನಮ್ಮಲ್ಲಿ ಎಷ್ಟೋ ವರ್ಷ 200 ಇಂಚು ದಾಟುತ್ತೆ. ನೀವು ಇನ್ನೂ ಸೆಂಟ್ ಲೆಕ್ಕದಲ್ಲೇ, ಅಂದರೆ ಇಂಚಿನ ನೂರರಲ್ಲೊಂದು ಭಾಗದಲ್ಲೇ ಇದ್ದೀರಿ. ಕಕ್ಕಡ ತಿಂಗಳಲ್ಲಿ, ಜುಲೈ-ಆಗಸ್ಟ್ ಮಳೆಗೆ, ಒಂದು ವಾರ ನಮ್ಮ ಮನೆಗೆ ಬನ್ನಿ, ಆಮೇಲೆ ಪಾಠ ಹೇಳಿ.

ಸಿದ್ದಾಪುರದ ಅಕ್ಕ:
ಮಳೆ ಜಗಳ ಆಮೇಲೆ ಮಾಡಿ. ಡೀಸೆಲ್ ಟ್ಯಾಂಕ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಾವು ಅರ್ಧ ಟ್ಯಾಂಕ್ ಬಿಟ್ಟಿದ್ದೆವು. ಖಾಲಿ ಜಾಗದ ತೇವವೆಲ್ಲ ನೀರಾಗಿ ತಳಕ್ಕೆ ಇಳಿದು, ಇಂಜಿನ್ನಿಗೆ ಡೀಸೆಲ್ ಹೊಡೆಯುವ ಪಂಪಿನ ಪ್ಲಂಜರ್ ತುಕ್ಕು ಹಿಡಿಯಿತು. ಗೊತ್ತಾಗಿದ್ದು ಫೆಬ್ರವರಿ ಕೊನೆಗೆ, ಸ್ಪ್ರಿಂಕ್ಲರ್ ಪೈಪೆಲ್ಲ ಜೋಡಿಸಿ ಆದಮೇಲೆ. ರಿಪೇರಿಗೆ 4,300. ಅದು ಹೋಗಲಿ. ಸಾಮಾನು ಬರೋಕೆ ಒಂಬತ್ತು ದಿನ. ಆ ಒಂಬತ್ತು ದಿನ ನಾನು ಬೆಳಿಗ್ಗೆ ಸಂಜೆ ತೋಟಕ್ಕೆ ಹೋಗಿ ಮೊಗ್ಗು ನೋಡ್ತಿದ್ದೆ. ಕೆಳಗಿನ ಬ್ಲಾಕಿನಲ್ಲಿ ಮೊಗ್ಗು ಗಿಡದಲ್ಲೇ ಒಣಗಿತು. ಆ ನಷ್ಟ ಯಾವ ಬಿಲ್ಲಿನಲ್ಲೂ ಬರಲಿಲ್ಲ. ಈಗ ಬಾಯಿವರೆಗೂ ತುಂಬಿಸಿಯೇ ಇಡುತ್ತೇನೆ. ನಮ್ಮ ಯಜಮಾನರು ಇವತ್ತಿಗೂ ಖಾಲಿ ಮಾಡಬೇಕು ಅಂತಾರೆ, ನಾನು ಕೇಳುವುದಿಲ್ಲ.

ಪೊನ್ನಂಪೇಟೆಯವರು:
ತುಂಬಿಸಿ ಇಡಿ ಅಕ್ಕ, ಯಾರದೋ ಜೀಪು ಓಡುತ್ತೆ. ನಮ್ಮದು ಹದಿನಾಲ್ಕು ಲೀಟರ್ ಹೋಯಿತು. ಜೊತೆಗೆ ಕೆರೆಯಲ್ಲಿ ಮುಳುಗಿದ ಪೈಪಿನ ತುದಿಯ ಹಿತ್ತಾಳೆಯ ಫುಟ್‌ವಾಲ್ವೂ. ತೋಟದ ಕೆಲಸದವರ ಲೈನ್ ಮನೆ ಪಕ್ಕ ಕೆರೆ ಇದ್ದರೆ ಇಷ್ಟೇ.

ಸಿದ್ದಾಪುರದ ಅಕ್ಕ:
ಲೈನ್ ಮನೆಯವರು ತೆಗೆದದ್ದು ನೀವು ನೋಡಿದ್ರಾ? ನೋಡಿಲ್ಲ ಅಂದಮೇಲೆ ಸುಮ್ನೆ ಹೇಳಬೇಡಿ. ನಮ್ಮ ಕೆರೆ ಬದಿಗೆ ಆನೆ ಬಂದ ರಾತ್ರಿ ಪೈಪು ಎಳೆದು ಉಳಿಸಿದ್ದು ಅವರೇ.

ಪೊನ್ನಂಪೇಟೆಯವರು:
ಆನೆ ಡೀಸೆಲ್ ಕುಡಿಯಲ್ಲ ಅಲ್ವಾ. ಹೋಗಲಿ ಬಿಡಿ.

ಕೆನಡಾದಿಂದ, ಊರು ನಾಪೋಕ್ಲು:
ಇಲ್ಲಿ ನನ್ನದೊಂದು ಮೀನು ಹಿಡಿಯುವ ದೋಣಿ, ಅದರ ಹಿಂದೆ ಕಟ್ಟುವ ಔಟ್‌ಬೋರ್ಡ್ ಮೋಟಾರ್. ಚಳಿಗಾಲದಲ್ಲಿ ಮೈನಸ್ 30ಕ್ಕೆ ಇಳಿಯುತ್ತೆ, ಆದರೂ ಅದು ಅಂಗಳದಲ್ಲೇ ಇರುತ್ತೆ. ಚಳಿ ಇಂಜಿನ್ನಿಗೆ ಏನೂ ಮಾಡುವುದಿಲ್ಲ, ಒಳಗೆ ಉಳಿದ ನೀರು ಮಾಡುತ್ತೆ. ನೀರು ಮಂಜುಗಡ್ಡೆಯಾದರೆ ಸುಮಾರು 9% ಹಿಗ್ಗುತ್ತೆ. ಅದಕ್ಕೇ ಮೋಟಾರನ್ನು ನೆಟ್ಟಗೆ ನಿಲ್ಲಿಸಿ ಪೂರ್ತಿ ನೀರು ಇಳಿಸಬೇಕು, ಕೆಳಗಿನ ಗೇರ್ ಆಯಿಲ್ ಬದಲಿಸಬೇಕು. ಒಂದು ವರ್ಷ ಆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿತ್ತು. ಸೀಲ್ ಹೋಗಿ ನೀರು ಸೇರಿದೆ ಅಂತ ಗೊತ್ತಿದ್ದೂ ಸೋಮಾರಿತನ ಮಾಡಿದೆ. ವಸಂತದಲ್ಲಿ ನೋಡಿದರೆ ಗೇರ್ ಕೇಸ್ ಉದ್ದಕ್ಕೂ ಬಿರುಕು. 1,900 ಡಾಲರ್. ಹೆಂಡತಿ ಆ ವರ್ಷ ಊರಿಗೆ ಹೋಗುವುದನ್ನೇ ಮುಂದಕ್ಕೆ ಹಾಕಿದಳು.

ಶನಿವಾರಸಂತೆಯವರು:
ಅಣ್ಣ, ನಮ್ಮಲ್ಲಿ ನೀರು ಗಟ್ಟಿಯಾಗೋದು ಫ್ರಿಡ್ಜಿನಲ್ಲಿ ಮಾತ್ರ. ಡಾಲರ್ ಲೆಕ್ಕ ಇಲ್ಲಿ ಯಾಕೆ?

ಕೆನಡಾದಿಂದ, ಊರು ನಾಪೋಕ್ಲು:
ಗಟ್ಟಿಯಾಗದಿದ್ದರೂ ತುಕ್ಕು ಹಿಡಿಸುತ್ತಲ್ಲ? ಅವರದೂ ವಾಟರ್ ಕೂಲ್ಡ್ ಇಂಜಿನ್. ಇಂಜಿನ್ ತಂಪು ಮಾಡುವ ಜಾಕೆಟ್ಟಿನ ನೀರು, ಪಂಪಿನೊಳಗಿನ ನೀರು ಇಳಿಸಿ ಅಂತ ನಿಮ್ಮಲ್ಲಿ ಒಬ್ಬರಾದರೂ ಹೇಳಿದ್ರಾ? ನಾನು ಹುಟ್ಟಿದ್ದೂ ಕಾಫಿ ತೋಟದಲ್ಲೇ. ಊರು ಬಿಟ್ಟವನು ಮಾತಾಡಬಾರದು ಅಂತಿದ್ದರೆ ಮೊದಲೇ ಹೇಳಿ.

ಪೊನ್ನಂಪೇಟೆಯವರು:
ಅದು ಸರಿ. ನಮ್ಮ ಪಂಪಿನಲ್ಲಿ ನೀರು ನಿಂತು ಒಳಗಿನ ಚಕ್ರ (ಇಂಪೆಲ್ಲರ್) ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಸಿಗದೆ ಡೀಸೆಲ್ ಹಾಕಿ ಮೂರು ದಿನ ನೆನೆಸಿ ಬಿಡಿಸಿದೆವು. ಕಳ್ಳ ಬಿಟ್ಟು ಹೋದ ಡೀಸೆಲ್ ಅಷ್ಟಕ್ಕೆ ಸಾಕಾಯಿತು.

ಸುಂಟಿಕೊಪ್ಪದಿಂದ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಟಾರ್ಪಲ್ ಹಾಕಲಾ, ಬೇಡ್ವಾ?

ಭಾಗಮಂಡಲ ಕಡೆಯವರು:
ಬೇಡ.

ಶನಿವಾರಸಂತೆಯವರು:
ಹಾಕಿ. ಕೆಳಗೆ ಒಂದು ಅಡಿ ಬಿಟ್ಟು ಕಟ್ಟಿ.

ಭಾಗಮಂಡಲ ಕಡೆಯವರು:
ಅದನ್ನೇ ತಾನೇ ನಾನೂ ಹೇಳಿದ್ದು, ಗಾಳಿ ಆಡಬೇಕು ಅಂತ! ಹನ್ನೊಂದು ವರ್ಷದ ಗುಟ್ಟು ಈಗ ಹೊರಗೆ ಬಂತು.

ಸುಂಟಿಕೊಪ್ಪದಿಂದ ಕೇಳಿದವರು:
ಈಗಷ್ಟೇ ಕೆರೆಗೆ ಹೋಗಿ ಬಂದೆ. ಏರ್ ಫಿಲ್ಟರ್ ಒಳಗೆ ಇಲಿ ಗೂಡು ಕಟ್ಟಿ ಮರಿ ಹಾಕಿದೆ. ಐದು ಮರಿ.

ಶನಿವಾರಸಂತೆಯವರು:
ಸೈಲೆನ್ಸರ್ ನೋಡಿದ್ರಾ?