ಮಗ ದಪ್ಪ, ಮಗಳು ಕಡ್ಡಿ: ಉಸಿರಿಗೂ ತೂಕಕ್ಕೂ ಏನು ಸಂಬಂಧ?

ಪ್ರಶ್ನೆ (ಕೊಪ್ಪಳದಿಂದ ಒಬ್ಬ ತಾಯಿ): ಡಾಕ್ಟರೇ, ಮಗನಿಗೆ 9 ವರ್ಷ. ತೂಕ 41 ಕೆಜಿ, ಎತ್ತರ ಮಾತ್ರ ಓರಿಗೆಯವರಷ್ಟೇ. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಾನೆ. ಅತ್ತೆ "ಬೆಳೆಯೋ ಹುಡುಗ, ಎತ್ತರ ಆದ್ರೆ ಕರಗುತ್ತೆ" ಅಂತಾರೆ. ಮಗಳಿಗೆ 6 ವರ್ಷ, ಕಡ್ಡಿ ಥರ ಇದ್ದಾಳೆ. ಅವಳು ಚಟುವಟಿಕೆಯಿಂದ ಇರೋದ್ರಿಂದ ಯಾರೂ ಚಿಂತೆ ಮಾಡಲ್ಲ. ತೂಕಕ್ಕೂ ಶ್ವಾಸಕೋಶಕ್ಕೂ ಸಂಬಂಧ ಇದೆಯಾ?

ಉತ್ತರ (ಮಕ್ಕಳ ಡಾಕ್ಟರ್, ಬಳ್ಳಾರಿ): ಇದೆ ಅಮ್ಮಾ, ಇಬ್ಬರಿಗೂ ಇದೆ. ಮಗಳ ಬಗ್ಗೆಯೂ ಕೇಳಿದ್ದು ಒಳ್ಳೆಯದಾಯ್ತು.

ಶ್ವಾಸಕೋಶ ಹುಟ್ಟುವಾಗಲೇ ಪೂರ್ತಿ ತಯಾರಾಗಿರುವುದಿಲ್ಲ. ಗಾಳಿಚೀಲಗಳು ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲಿ ಮೂಡುತ್ತವೆ. ಉಸಿರಿನ ಶಕ್ತಿ ಇಪ್ಪತ್ತು ದಾಟುವವರೆಗೂ ಏರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅಲ್ಲಿವರೆಗೆ ಕೂಡಿಟ್ಟದ್ದೇ ಮುಂದಿನ ಜೀವನಕ್ಕೆ.

ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯವರು 3,200ಕ್ಕೂ ಹೆಚ್ಚು ಮಕ್ಕಳ ತೂಕವನ್ನು ಹುಟ್ಟಿನಿಂದ 24 ವರ್ಷದವರೆಗೆ ಮತ್ತೆ ಮತ್ತೆ ನೋಡಿದ್ದಾರೆ. ತೂಕ ಉದ್ದಕ್ಕೂ ಜಾಸ್ತಿ ಇದ್ದವರಲ್ಲಿ, ವೇಗವಾಗಿ ಏರುತ್ತಾ ಹೋದವರಲ್ಲಿ ದೊಡ್ಡವರಾದ ಮೇಲೆ ಶ್ವಾಸನಾಳದಲ್ಲಿ ಗಾಳಿ ಸರಾಗವಾಗಿ ಹರಿಯುತ್ತಿರಲಿಲ್ಲ. ಆದರೆ ಮೊದಲು ದಪ್ಪಗಿದ್ದು, ಮೈನೆರೆಯುವ ವಯಸ್ಸಿಗೆ ಮುಂಚೆ ತೂಕ ಹದಕ್ಕೆ ಬಂದ ಮಕ್ಕಳಿಗೆ ಆ ತೊಂದರೆ ಉಳಿದಿರಲಿಲ್ಲ. ನಿಮ್ಮ ಮಗನಿಗೆ ಇನ್ನೂ ಟೈಮ್ ಇದೆ. ಆದರೆ ತಾನಾಗಿ ಕರಗುತ್ತೆ ಅಂತ ಕಾಯಬೇಡಿ.

ಮೊನ್ನೆ ಇದೇ ಮೈಕಟ್ಟಿನ ಹುಡುಗನೊಬ್ಬನಿಗೆ ಸ್ಪೈರೋಮೆಟ್ರಿ, ಅಂದರೆ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ ಮಾಡಿಸಿದೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಲ್ಲಿ ಕೊಳವೆ ಇಟ್ಟು, ಎದೆ ತುಂಬ ಗಾಳಿ ಎಳೆದು ಜೋರಾಗಿ ಊದಬೇಕು. ಒಟ್ಟು ಗಾಳಿ ಚೆನ್ನಾಗಿಯೇ ಬಂತು. ಆದರೆ ಮೊದಲ ಸೆಕೆಂಡಿನಲ್ಲಿ ಬರಬೇಕಾದಷ್ಟು ಬರಲಿಲ್ಲ. ದಪ್ಪ ಮಕ್ಕಳಲ್ಲಿ ಹೀಗೆ ಆಗುವುದುಂಟು: ಶ್ವಾಸಕೋಶ ಎಂಬ ಚೀಲ ದೊಡ್ಡದಾಗುತ್ತದೆ, ಅದರ ಬಾಯಿ, ಅಂದರೆ ಶ್ವಾಸನಾಳ, ಅದಕ್ಕೆ ತಕ್ಕಷ್ಟು ಅಗಲ ಆಗುವುದಿಲ್ಲ. ಜೊತೆಗೆ ಹೊಟ್ಟೆಯ ಕೊಬ್ಬು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುತ್ತದೆ. ಹಾಗಂತ ಎಲ್ಲ ಏದುಸಿರಿಗೂ ದಪ್ಪವೇ ಕಾರಣ ಅಲ್ಲ. ರಾತ್ರಿ ಕೆಮ್ಮು, ಸುಂಯ್ ಶಬ್ದ ಇದ್ದರೆ ದಮ್ಮು ಇದೆಯಾ ಅಂತ ನೋಡಬೇಕು.

ನಿಮ್ಮ ಮಗನನ್ನು ಉಪವಾಸ ಕೆಡವಬೇಡಿ. ತೂಕ ಇಳಿಸುವುದಕ್ಕಿಂತ, ಏರುವುದನ್ನು ನಿಧಾನ ಮಾಡಿ ಎತ್ತರ ಬೆಳೆಯಲು ಬಿಡುವುದು ಎಷ್ಟೋ ಮಕ್ಕಳಿಗೆ ಸಾಕಾಗುತ್ತದೆ. ರೊಟ್ಟಿ, ಪುಂಡಿಪಲ್ಲೆ, ಬೇಳೆ ಇರಲಿ. ದಿನಾ ಸಂಜೆ ಮಿರ್ಚಿ, ಚಿಪ್ಸ್, ಬಾಟಲಿ ಜ್ಯೂಸ್ ಬೇಡ. ಬಿಸಿಲು ಇಳಿದ ಮೇಲೆ ಒಂದು ಗಂಟೆ ಓಡಾಡಿ ಆಡಲಿ. ಅವನ ಹಳೆಯ ತೂಕ ಬರೆದಿರುವ ತಾಯಿ ಕಾರ್ಡ್, ಶಾಲೆಯ ಚೀಟಿ ಇದ್ದರೆ ಹುಡುಕಿ ಹೇಳಿ.

ಇನ್ನು ಮಗಳು. ಅದೇ ಅಧ್ಯಯನದಲ್ಲಿ, ಉದ್ದಕ್ಕೂ ತೂಕ ಕಡಿಮೆ ಇದ್ದ ಮಕ್ಕಳ ಶ್ವಾಸಕೋಶವೇ ಬೆಳೆಯಬೇಕಾದಷ್ಟು ಬೆಳೆದಿರಲಿಲ್ಲ. ನಮ್ಮ ಭಾಗದಲ್ಲಿ ನನಗೆ ಜಾಸ್ತಿ ಸಂಕಟ ಕೊಡುವುದು ಇದೇ. ದಪ್ಪಗಿರುವ ಮಗುವನ್ನು ಡಾಕ್ಟರ ಹತ್ತಿರ ಕರೆತರುತ್ತಾರೆ, ಸಣ್ಣಗಿರುವುದನ್ನು "ನಮ್ಮ ವಂಶವೇ ಹೀಗೆ" ಅಂತ ಬಿಟ್ಟುಬಿಡುತ್ತಾರೆ. ಅವಳಿಗೆ ಮೊಟ್ಟೆ, ಹಾಲು, ಶೇಂಗಾ ಕೊಡಿ. ರಕ್ತಹೀನತೆ ಇದೆಯಾ ನೋಡಿಸಿ.

ಪ್ರಶ್ನೆ (ಸಿಂಧನೂರಿನಿಂದ ಒಬ್ಬ ತಂದೆ): ನನ್ನ ಮಗನಿಗೆ 17, ತೂಕ 96 ಕೆಜಿ. ತಡವಾಯ್ತಾ ಸರ್?

ಉತ್ತರ: ಬೇಗ ಶುರುಮಾಡಿದ್ದರೆ ಚೆನ್ನಾಗಿತ್ತು, ನಿಜ. ಆದರೂ ತೂಕ ಇಳಿದರೆ ಯಾವ ವಯಸ್ಸಿನಲ್ಲೂ ಉಸಿರು ಹಗುರ ಆಗುತ್ತದೆ. ಅವನು ಗೊರಕೆ ಹೊಡೆದು ಹಗಲು ತೂಕಡಿಸುತ್ತಿದ್ದರೆ ಬೇಗ ತೋರಿಸಿ. ಮನೆಯಲ್ಲಿ ಯಾರೂ ಬೀಡಿ, ಸಿಗರೇಟ್ ಸೇದುವುದು ಬೇಡ.

ಕೊಪ್ಪಳದ ತಾಯಿ: ತಾಯಿ ಕಾರ್ಡ್, ಶಾಲೆಯ ಚೀಟಿ ಎರಡೂ ಸಿಕ್ಕವು ಡಾಕ್ಟರೇ. ಮಗ 5ನೇ ವರ್ಷಕ್ಕೆ 18 ಕೆಜಿ ಇದ್ದ, 7ಕ್ಕೆ 29.

ಉತ್ತರ: ನೋಡಿ, 5ರಲ್ಲಿ ಸರಿಯಾಗೇ ಇದ್ದ. ಒಂದು ದಿನದ ತೂಕಕ್ಕಿಂತ ವರ್ಷ ವರ್ಷದ ತೂಕದ ಗೆರೆ ಎಲ್ಲಿ ಮೇಲೆದ್ದಿತು ಅನ್ನುವುದೇ ನನಗೆ ಬೇಕಿತ್ತು. ಆ ಎರಡು ವರ್ಷದಲ್ಲಿ ಮನೆಯಲ್ಲಿ ಏನು ಬದಲಾಯಿತು ನೆನಪು ಮಾಡಿಕೊಳ್ಳಿ. ಬರುವಾಗ ಮಗಳ ಕಾರ್ಡನ್ನೂ ತನ್ನಿ.