‘ಲಿ ದ ಜುಸ್ತೀಸ್’: ಗಾದಿಯೋ, ಗದ್ದಿಗೆಯೋ, ಧರ್ಮಾಸನವೋ?

ಗೆಳೆಯರೇ,

ಹದಿನೆಂಟನೆಯ ಶತಮಾನದ ಫ್ರಾನ್ಸಿನ ನ್ಯಾಯಾಡಳಿತವನ್ನು ಕುರಿತ ಅಧ್ಯಾಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಬಳಿ ಬಂದು ನಿಂತುಬಿಟ್ಟಿದ್ದೇನೆ.

ಅದಕ್ಕೆ ಮುನ್ನ ‘ಪಾರ್ಲಮಾಂ’ ಬಗ್ಗೆ ಒಂದು ಮಾತು. ಇದನ್ನು ‘ಸಂಸತ್ತು’ ಎಂದು ಬರೆಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪ್ಯಾರಿಸ್ಸಿನ ಪಾರ್ಲಮಾಂ ಜನ ಆರಿಸಿ ಕಳಿಸಿದವರ ಸಭೆಯಲ್ಲ, ಮೇಲ್ಮನವಿ ಕೇಳುವ ನ್ಯಾಯಸ್ಥಾನ. ಅಲ್ಲಿಯ ನ್ಯಾಯಾಧೀಶರು ಹಣ ಕೊಟ್ಟು ಹುದ್ದೆ ಕೊಂಡವರು. ವರ್ಷವರ್ಷ ತೆರಿಗೆ ಕಟ್ಟುತ್ತಿದ್ದರೆ ಅದನ್ನು ಮಕ್ಕಳಿಗೂ ಬಿಟ್ಟುಹೋಗಬಹುದಿತ್ತು. ರಾಜಶಾಸನಗಳನ್ನು ದಫ್ತರಕ್ಕೆ ಸೇರಿಸಿಕೊಳ್ಳುವ ಅಧಿಕಾರವೂ ಅವರದೇ. ಒಪ್ಪಿಗೆಯಾಗದಿದ್ದರೆ ಆಕ್ಷೇಪದ ಬಿನ್ನಹ ಬರೆದು ದೊರೆಗೆ ಕಳಿಸುತ್ತಿದ್ದರು. ‘ಉಚ್ಚ ನ್ಯಾಯಾಲಯ’ ಎಂದರೆ ನಮ್ಮ ಹೈಕೋರ್ಟೇ ಕಣ್ಣಿಗೆ ಕಟ್ಟುತ್ತದೆ. ಹಾಗಾಗಿ ಪಾರ್ಲಮಾಂ ಎಂದೇ ಉಳಿಸಿಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆ. ಬಿನ್ನಹಕ್ಕೆ ಮಣಿಯದ ದೊರೆ ತಾನೇ ಬಂದು ಕುಳಿತು, ತನ್ನೆದುರಿಗೇ ಶಾಸನವನ್ನು ದಾಖಲು ಮಾಡಿಸುವ ವಿಧಿಗೆ ‘ಲಿ ದ ಜುಸ್ತೀಸ್’ ಎಂದು ಹೆಸರು. ‘ಲಿ’ ಎಂದರೆ ಹಾಸಿಗೆ. ಸಭಾಂಗಣದ ಮೂಲೆಯಲ್ಲಿ, ಮೇಲ್ಕಟ್ಟಿನ ಕೆಳಗೆ, ಎತ್ತರದಲ್ಲಿ ದಿಂಬುಗಳನ್ನು ಜೋಡಿಸುತ್ತಿದ್ದರು: ಕೂರಲು, ಬೆನ್ನಿಗೆ, ತೋಳಿಗೆ, ಕಾಲಿಗೆ. ಆ ಪೀಠದ ಹೆಸರೇ ವಿಧಿಗೂ ನಿಂತಿತು.

‘ನ್ಯಾಯದ ಹಾಸಿಗೆ’ ಎಂದರೆ ನ್ಯಾಯ ಮಲಗಿದಂತಾಗುತ್ತದೆ. ‘ಧರ್ಮಾಸನ’ ಗಂಭೀರವಾದ ಹಳೆಯ ಮಾತು, ಆದರೆ ಅದರಲ್ಲಿ ನಿಷ್ಪಕ್ಷಪಾತದ ತೂಕವಿದೆ. ಇಲ್ಲಿ ನಡೆಯುತ್ತಿದ್ದುದು ದೊರೆಯ ಹಟ. 1770ರ ಡಿಸೆಂಬರಿನಲ್ಲಿ ಹದಿನೈದನೆಯ ಲೂಯಿ ವರ್ಸೇಲ್ಸಿನಲ್ಲಿ ಹೀಗೆ ಕುಳಿತು ಶಾಸನವೊಂದನ್ನು ಹೇರಿದಾಗ ನ್ಯಾಯಾಧೀಶರು ಕೆಲಸವನ್ನೇ ನಿಲ್ಲಿಸಿದರು. ಜನವರಿ 19ರ ರಾತ್ರಿ ಬಂದೂಕುಧಾರಿ ಅಂಗರಕ್ಷಕರು ಒಬ್ಬೊಬ್ಬರ ಮನೆಗೂ ಹೋಗಿ, ನಿದ್ದೆಯಿಂದ ಎಬ್ಬಿಸಿ, ಕೆಲಸಕ್ಕೆ ಮರಳುತ್ತೀರೋ ಇಲ್ಲವೋ ಬರೆದುಕೊಡಿ ಎಂದರು. ಬಹುತೇಕರು ಇಲ್ಲವೆಂದರು, ಗಡಿಪಾರಾದರು. ಇಂಥ ಕಥೆಯ ನಡುವೆ ‘ಧರ್ಮಾಸನ’ ಎಂಬ ಮಾತು ಓದುಗರನ್ನು ದಾರಿ ತಪ್ಪಿಸುತ್ತದೆ.

‘ಗದ್ದಿಗೆ’ಯೂ ಚೆನ್ನಾಗಿದೆ, ಆದರೆ ಅದಕ್ಕೆ ಸಮಾಧಿ ಎಂಬ ಅರ್ಥವೂ ಉಂಟು. ಮಡಿಕೇರಿಯಲ್ಲಿ ಕೊಡಗಿನ ಅರಸರ ಸಮಾಧಿಗಳಿಗೆ ಇದೇ ಹೆಸರು. ನನ್ನ ಒಲವು ‘ಗಾದಿ’ಯ ಕಡೆಗೆ. ಧಾರವಾಡದ ನಮ್ಮ ಮನೆಯಲ್ಲಿ ಬೇಸಿಗೆ ಬಂತೆಂದರೆ ಹತ್ತಿಯ ಗಾದಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದೆವು. ಅರಸನೂ ಏರುವುದು ಗಾದಿಯನ್ನೇ. ಹಾಸಿಗೆ, ಅಧಿಕಾರ ಎರಡೂ ಒಂದೇ ಮಾತಿನಲ್ಲಿ ಸಿಗುತ್ತವೆ. ‘ನ್ಯಾಯಗಾದಿ’ ಎನ್ನಬಹುದೇ?

ಜೊತೆಗೆ ಸಣ್ಣದೊಂದು. ಕಕ್ಷಿದಾರರು ನ್ಯಾಯಾಧೀಶರಿಗೆ ಕೊಡುತ್ತಿದ್ದ ಹಣಕ್ಕೆ ‘ಎಪೀಸ್’, ಅಂದರೆ ಸಂಬಾರ ಪದಾರ್ಥ, ಎನ್ನುತ್ತಿದ್ದರು. ಹಿಂದೆ ಅದನ್ನೇ ಕಾಣಿಕೆ ಕೊಡುತ್ತಿದ್ದರಂತೆ. 1771ರಲ್ಲಿ ದೊರೆಯ ನ್ಯಾಯಾಡಳಿತದ ಮುಖ್ಯಸ್ಥನಾದ ಚಾನ್ಸಲರ್ ಮೋಪು ಆರು ಹೊಸ ನ್ಯಾಯಸ್ಥಾನಗಳನ್ನು ತೆರೆದು, ಅಲ್ಲಿ ಹುದ್ದೆಯ ಮಾರಾಟವನ್ನೂ ಈ ವಸೂಲಿಯನ್ನೂ ನಿಲ್ಲಿಸಿದ. 1774ರಲ್ಲಿ ಹೊಸ ದೊರೆ ಬಂದು ಹಳೆಯ ಪಾರ್ಲಮಾಂಗಳನ್ನೇ ಮರಳಿ ಕರೆಸಿದ. ‘ಎಪೀಸ್’ಗೆ ‘ಮಾಮೂಲು’ ಎಂದರೆ ಲಂಚದ ವಾಸನೆ, ಇದು ಕಾನೂನು ಒಪ್ಪಿದ್ದ ವಸೂಲಿ. ‘ರುಸುಮು’ ಎಂದು ಬರೆದಿದ್ದೇನೆ.

ಹಳೆಯ ಮೈಸೂರು ಮತ್ತು ಕರಾವಳಿಯವರು ದಯವಿಟ್ಟು ತಿಳಿಸಿ: ‘ಗಾದಿ’ ಎಂದೊಡನೆ ನಿಮಗೆ ಹಾಸಿಗೆ ಹೊಳೆಯುತ್ತದೆಯೇ, ಪಟ್ಟ ಹೊಳೆಯುತ್ತದೆಯೇ?